ಮೊದಲ ಸೋಮವಾರದ ವರದಿ ಹನ್ನೊಂದು ಸಲ ಬಂದರೆ

"ತಿಂಗಳಿಗೊಮ್ಮೆ ಬರಬೇಕಾದ ವರದಿ ಮೂರು ದಿನದಿಂದ ದಿನವೂ ಬರುತ್ತಿದೆ. ಯಾವುದನ್ನು ನಂಬಲಿ?" ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಫೋನಿನಲ್ಲಿ ಕೇಳಿದರು. ನಾನು ಮೊದಲು ತೆರೆದದ್ದು ಕೋಡನ್ನಲ್ಲ, ಕ್ರಾನ್ ಸಾಲನ್ನು. ಕ್ರಾನ್ ಎಂದರೆ ಗೊತ್ತುಮಾಡಿದ ವೇಳೆಗೆ ಕೆಲಸಗಳನ್ನು ತಾನಾಗಿ ಓಡಿಸುವ ತಂತ್ರಾಂಶ. ಅಲ್ಲಿದ್ದದ್ದು ಇದು: 0 6 1-7 * 1

ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂದು ಕ್ರಾನ್‌ನಲ್ಲಿ ಐದು ಮನೆ; * ಎಂದರೆ ಯಾವುದಾದರೂ ಸರಿ. ಮೊದಲ ಏಳು ತಾರೀಖು, ಜೊತೆಗೆ ಸೋಮವಾರ. ಹಾಗಾದರೆ ತಿಂಗಳ ಮೊದಲ ಸೋಮವಾರ ಎಂದು ಬರೆದವರ ಲೆಕ್ಕ. ಕ್ರಾನ್ ಹಾಗೆ ಓದುವುದಿಲ್ಲ. ತಾರೀಖು ಮತ್ತು ವಾರ ಎರಡನ್ನೂ ಗೊತ್ತುಮಾಡಿದರೆ, ಯಾವುದಾದರೂ ಒಂದು ಹೊಂದಿದರೂ ಕೆಲಸ ಓಡುತ್ತದೆ. ಉಳಿದ ಮನೆಗಳೆಲ್ಲ ಒಟ್ಟಿಗೆ ಹೊಂದಲೇಬೇಕು, ಈ ಜೋಡಿಗೆ ಮಾತ್ರ ಬೇರೆ ನಿಯಮ. 2024ರ ಸೆಪ್ಟೆಂಬರ್ ಕ್ಯಾಲೆಂಡರ್ ತೆಗೆದು ಎಣಿಸಿ ನೋಡಿ: 1ರಿಂದ 7ರವರೆಗೆ ಏಳು ಸಲ, ಆಮೇಲೆ 9, 16, 23, 30ರ ಸೋಮವಾರಗಳು. ಒಟ್ಟು ಹನ್ನೊಂದು. ಲಾಗ್‌ನಲ್ಲಿ ಒಂದೂ ದೋಷವಿಲ್ಲ, ಪರದೆಯ ತುಂಬ ಹಸಿರು. ನಿಂತುಹೋದ ಕೆಲಸ ಎಚ್ಚರಿಕೆಯನ್ನಾದರೂ ಕಳಿಸುತ್ತದೆ, ಹೆಚ್ಚಾಗಿ ಓಡಿದ್ದು ಅದನ್ನೂ ಕಳಿಸುವುದಿಲ್ಲ.

ಕೆಲಸಗಳನ್ನು ವೇಳೆಗೆ ಓಡಿಸುವ ಇನ್ನೊಂದು ತಂತ್ರಾಂಶ ಏರ್‌ಫ್ಲೋ. ಅದರಲ್ಲಿ 0 6 * * 1#1 ಎಂದು ಬರೆದರೆ ಸರಿಹೋಗುತ್ತದೆ; 1#1 ಎಂದರೆ ಮೊದಲ ಸೋಮವಾರ. ಅದರೊಳಗಿನ ಕ್ರಾನಿಟರ್ ಲೈಬ್ರರಿ ಈ ಗುರುತನ್ನು ಬಲ್ಲದು. ಲಿನಕ್ಸ್‌ನ ಸಾಮಾನ್ಯ ಕ್ರಾನ್ ಅರಿಯದು. ಅಲ್ಲಿ 0 6 1-7 * * ಎಂದಿಟ್ಟು, ಇಂದು ಸೋಮವಾರವೇ ಎಂಬ ಪರೀಕ್ಷೆಯನ್ನು ಸ್ಕ್ರಿಪ್ಟಿನ ಆರಂಭದಲ್ಲೇ ಸೇರಿಸುತ್ತೇನೆ. ಇಂಥದೇ ಕೆಲಸದ ಕ್ವಾರ್ಟ್ಸ್ ತಂತ್ರಾಂಶದಲ್ಲಿ ಮೊದಲ ಮನೆಯೇ ಸೆಕೆಂಡಿನದು, 1 ಎಂದರೆ ಭಾನುವಾರ. ಲಿನಕ್ಸ್‌ನ ಸಾಲನ್ನು ನಕಲಿಸಿ ಅಲ್ಲಿ ಅಂಟಿಸಬೇಡಿ.

ಇನ್ನು ನಮ್ಮ ಸಮಯಕ್ಕೂ ಯುಟಿಸಿಗೂ (ಜಾಗತಿಕ ಮಾನಕ ಸಮಯ) ಇರುವ ಐದೂವರೆ ಗಂಟೆಯ ಅಂತರದ ವಿಷಯ. ನಾವು ಬೇರೆ ಹೇಳದಿದ್ದರೆ ಏರ್‌ಫ್ಲೋ ಯುಟಿಸಿ ಗಡಿಯಾರವನ್ನೇ ನೋಡುತ್ತದೆ. ಅದರ 6 ಗಂಟೆ ನಮಗೆ ಬೆಳಿಗ್ಗೆ 11.30. ಅಷ್ಟನ್ನು ಕಳೆದು ಬರೆದರಾಯಿತು ಎಂದು ಹಲವರು ಹೊರಡುತ್ತಾರೆ. ಬೆಳಿಗ್ಗೆ ಆರರ ಕೆಲಸಕ್ಕೆ ಆ ಉಪಾಯ ನಡೆಯುತ್ತದೆ. 1ನೇ ತಾರೀಖಿನ ನಸುಕಿನ 2 ಗಂಟೆಯ ಕೆಲಸಕ್ಕೆ ನಡೆಯದು: ಯುಟಿಸಿಯಲ್ಲಿ ಅದು ಹಿಂದಿನ ದಿನದ ರಾತ್ರಿ 8.30, ಆ ದಿನ 28, 29, 30, 31 ಯಾವುದೂ ಆಗಿರಬಹುದು. ಕಳೆಯುವ ಬದಲು ಕೆಲಸಕ್ಕೇ ಏಷ್ಯಾ/ಕೋಲ್ಕತಾ ಸಮಯವಲಯವನ್ನು ಕೊಡಿ.

ಈಗ ಯಾವ ಸಾಲನ್ನೂ ಜಾರಿಗೆ ತರುವ ಮೊದಲು ಮುಂದಿನ ಹನ್ನೆರಡು ಓಟಗಳನ್ನು ವಾರದ ಹೆಸರಿನೊಂದಿಗೆ ಮುದ್ರಿಸಿ, ವರದಿ ಬೇಕೆಂದವರ ಮುಂದಿಡುತ್ತೇನೆ. ಆ ಹಳೆಯ ಸಾಲಿನ ಪಟ್ಟಿಯನ್ನೂ ಅಂದು ಹೀಗೆಯೇ ತೋರಿಸಿದ್ದೆ. ಕ್ರಾನ್ ಎಂಬ ಹೆಸರನ್ನೇ ಕೇಳಿರದ ಆ ಹಿರಿಯರು ಮೊದಲ ಸಾಲಿನ ಮೇಲೆಯೇ ಬೆರಳಿಟ್ಟು ಕೇಳಿದರು: "ಇದು ಬುಧವಾರವಲ್ಲವೇ?"