‘ಮೆಮೊರಿ ಎಷ್ಟು?’ ಎಂದು ಕೇಳಬೇಡಿ

ಕಳೆದ ವಾರ ಡೊಂಬಿವಲಿಯಿಂದ ಪರಿಚಿತರೊಬ್ಬರು ಫೋನ್ ಮಾಡಿದ್ದರು. ಮಗಳಿಗೆಂದು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡರಂತೆ. “512 ಮೆಮೊರಿ ಇದೆ. ಆದರೂ ನಾಲ್ಕು ಪುಟ ತೆರೆದರೆ ತೆವಳುತ್ತದೆ. ಕೆಟ್ಟ ಮಾಲು ಕೊಟ್ಟರೇನೋ” ಎಂದರು. ವಿಚಾರಿಸಿದರೆ ರ‍್ಯಾಮ್ ಇರುವುದು 4 ಜಿಬಿ. 512 ಎಂಬುದು ಕಡತಗಳನ್ನು ಕೂಡಿಡುವ ಎಸ್‌ಎಸ್‌ಡಿಯ ಅಳತೆ. ಈ ವರ್ಷ ನನ್ನ ಕಿವಿಗೆ ಬಿದ್ದ ಇಂಥ ಐದನೆಯ ದೂರು ಇದು. ಇನ್ನು ಸುಮ್ಮನಿರಲಾಗದು.

ಫೋಟೊ ತುಂಬಿದ ಮೊಬೈಲಿಗೆ ‘ಮೆಮೊರಿ ಫುಲ್’ ಎನ್ನುತ್ತೇವೆ. ಮೆಮೊರಿ ಕಾರ್ಡ್ ಎಂಬ ಹೆಸರೂ ಅದಕ್ಕೆ ಒತ್ತಾಸೆಯಾಗಿದೆ. ಕಂಪ್ಯೂಟರಿನ ಮಾತಿನಲ್ಲಿ ಬರಿದೇ ಮೆಮೊರಿ ಎಂದರೆ ರ‍್ಯಾಮ್, ಅಂದರೆ ಸದ್ಯ ನಡೆಯುತ್ತಿರುವ ಕೆಲಸವನ್ನು ಇಟ್ಟುಕೊಳ್ಳುವ ಜಾಗ. ಕಡತಗಳು ಉಳಿಯುವ ಜಾಗ ಸ್ಟೋರೇಜ್. ವಿದ್ಯುತ್ ಹೋದೊಡನೆ ರ‍್ಯಾಮ್‌ನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಮರೆಯುವುದೇ ಸ್ವಭಾವವಾದ ವಸ್ತುವಿಗೆ ‘ನೆನಪು’ ಎಂಬ ಹೆಸರು ಅಂಟಿಕೊಂಡದ್ದೇ ಗೊಂದಲದ ಬೇರು.

ಈ ಹೆಸರು ಮೊದಲಿಗೆ ಇರಲಿಲ್ಲ. 1830ರ ದಶಕದಲ್ಲಿ ಚಾರ್ಲ್ಸ್ ಬ್ಯಾಬೇಜ್ ಅನಲಿಟಿಕಲ್ ಎಂಜಿನ್ ಎಂಬ ತನ್ನ ಲೆಕ್ಕದ ಯಂತ್ರದ ನಕ್ಷೆ ಹಾಕುವಾಗ, ಸಂಖ್ಯೆಗಳನ್ನು ಇಡುವ ಭಾಗವನ್ನು ‘ಸ್ಟೋರ್’ ಎಂದೂ ಲೆಕ್ಕ ಮಾಡುವ ಭಾಗವನ್ನು ‘ಮಿಲ್’ ಎಂದೂ ಕರೆದ. ಉಗ್ರಾಣ ಮತ್ತು ಗಿರಣಿ! ಗಿರಣಗಾಂವ್ ಎಂಬ ಬಟ್ಟೆಗಿರಣಿಗಳ ಪ್ರದೇಶವಿರುವ ಮುಂಬಯಿಯಲ್ಲಿ ಬಾಳುವ ನಮಗೆ ಇದಕ್ಕಿಂತ ತಿಳಿಯಾದ ಜೋಡಿಪದ ಬೇಕೆ? 1945ರಲ್ಲಿ ಗಣಿತಜ್ಞ ಜಾನ್ ವಾನ್ ನಾಯ್ಮನ್ ಎಡ್‌ವ್ಯಾಕ್ ಎಂಬ ಆರಂಭದ ಕಂಪ್ಯೂಟರಿನ ಕುರಿತ ವರದಿಯಲ್ಲಿ ನರಕೋಶಗಳ ಹೋಲಿಕೆ ತಂದು ‘ಮೆಮೊರಿ’ ಎಂದು ಬರೆದ. ಅದೇ ನಿಂತಿತು. ಲ್ಯಾಟಿನ್ನಿನ ‘ಮೆಮೊರ್’ ಸಂಸ್ಕೃತದ ‘ಸ್ಮೃ’ ಧಾತುವಿನ ದೂರದ ನಂಟ. ಹಾಗಾಗಿ ಕನ್ನಡದಲ್ಲಿ ‘ಸ್ಮೃತಿ’ ಎಂದವರು ತಪ್ಪು ಮಾಡಲಿಲ್ಲ. ಆದರೆ ಸ್ಮೃತಿ ಎಂದೊಡನೆ ನಮ್ಮ ಮನಸ್ಸು ಬಹುಕಾಲ ಉಳಿಯುವುದರ ಕಡೆಗೆ ಹೋಗುತ್ತದೆ. ಉಗ್ರಾಣವೇ ಉಳಿದಿದ್ದರೆ ಚೆನ್ನಿತ್ತು.

ಆ ಉಗ್ರಾಣ ಈಗ ಎರಡಾಗಿದೆ ಎಂದುಕೊಳ್ಳಿ. ಮಗ್ಗದ ಪಕ್ಕದಲ್ಲಿ ಕೈಗೆಟುಕುವಂತೆ ಇಟ್ಟ ನೂಲು ರ‍್ಯಾಮ್. ದೂರದ ಗೋದಾಮಿನಲ್ಲಿರುವುದು ಸ್ಟೋರೇಜ್. ಮಗ್ಗದ ಪಕ್ಕದ ಜಾಗ ಚಿಕ್ಕದಾದರೆ, ಗೋದಾಮು ಪರೇಲಿನಷ್ಟು ದೊಡ್ಡದಿದ್ದರೂ ಕೆಲಸಗಾರನ ದಿನವೆಲ್ಲ ಓಡಾಟದಲ್ಲೇ ಕಳೆಯುತ್ತದೆ. 4 ಜಿಬಿಯ ಆ ಲ್ಯಾಪ್‌ಟಾಪ್‌ನಲ್ಲಿ ಆಗುತ್ತಿರುವುದು ಇದೇ.

ಇದಕ್ಕಿಂತ ಸಿಟ್ಟು ಬರಿಸುವುದು ಫೋನ್ ಮಾರುವವರ ಬಳಕೆ ‘8 ರ‍್ಯಾಮ್, 128 ರೋಮ್’ ಎಂಬುದು. ರೋಮ್ ಎಂದರೆ ಓದಲು ಮಾತ್ರ ಬರುವ, ಬರೆಯಲು ಬಾರದ ಮೆಮೊರಿ. ಆ 128 ನಿಜಕ್ಕೂ ರೋಮ್ ಆಗಿದ್ದರೆ ನಿಮ್ಮ ಫೋನಿನಲ್ಲಿ ಒಂದೇ ಒಂದು ಫೋಟೊ ಕೂಡ ಉಳಿಯುತ್ತಿರಲಿಲ್ಲ. ಈಚೆಗೆ ಲ್ಯಾಪ್‌ಟಾಪ್ ಮಾರುವವರ ಬಾಯಿಗೂ ಈ ಮಾತು ಬಂದಿದೆ.

ಅಂಗಡಿಯಲ್ಲಿ ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು ಎಂದು ಬೇರೆ ಬೇರೆಯಾಗಿ ಕೇಳಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಎಂದಿರುವುದು ಹೊಸ್ತಿಲು ದಾಟಲು ಮಾತ್ರ ಸಾಕು. ಪತ್ರವ್ಯವಹಾರ, ಆನ್‌ಲೈನ್ ತರಗತಿಗಳಿಗೆ 8, ಪ್ರೋಗ್ರಾಮಿಂಗ್ ಅಥವಾ ವಿಡಿಯೊ ಸಂಕಲನಕ್ಕೆ 16 ಎಂಬುದು ನನ್ನ ಲೆಕ್ಕ. ಹಣ ಸಾಲದಿದ್ದರೆ ಎಸ್‌ಎಸ್‌ಡಿಯಲ್ಲಿ ಉಳಿಸಿ, ರ‍್ಯಾಮ್‌ನಲ್ಲಿ ಬೇಡ. ಎಸ್‌ಎಸ್‌ಡಿಯನ್ನು ಬಹುತೇಕ ಯಂತ್ರಗಳಲ್ಲಿ ಮುಂದೆ ಬದಲಿಸಬಹುದು. ವಿವರಪಟ್ಟಿಯಲ್ಲಿ ‘ಎಲ್‌ಪಿಡಿಡಿಆರ್’ ಎಂದಿದ್ದರೆ ಆ ರ‍್ಯಾಮ್ ಸಾಮಾನ್ಯವಾಗಿ ಬೋರ್ಡಿಗೇ ಬೆಸೆದದ್ದು, ಆಮೇಲೆ ಹೆಚ್ಚಿಸಲಾಗದು.

ಡೊಂಬಿವಲಿಯ ಹುಡುಗಿಯ ಲ್ಯಾಪ್‌ಟಾಪ್‌ನಲ್ಲಿ ಅದೃಷ್ಟಕ್ಕೆ ರ‍್ಯಾಮ್ ಕೂರಿಸುವ ಒಂದು ಸ್ಲಾಟ್ ಖಾಲಿ ಇದೆ. ಒಳಗಿರುವುದು ಡಿಡಿಆರ್4 ಪೀಳಿಗೆಯ ರ‍್ಯಾಮ್, ಅಲ್ಲಿ ಮುಂದಿನ ಪೀಳಿಗೆಯ ಡಿಡಿಆರ್5 ಕೂರುವುದಿಲ್ಲ. ಅಂಗಡಿಯಲ್ಲಿ ಏನು ಕೇಳಬೇಕೆಂದು ಅವಳ ತಂದೆಗೆ ಬರೆದು ಕಳುಹಿಸಿದ್ದೇನೆ: ಲ್ಯಾಪ್‌ಟಾಪ್‌ಗೆ ಹೊಂದುವ ಡಿಡಿಆರ್4 ರ‍್ಯಾಮ್, 8 ಜಿಬಿ. ಮೆಮೊರಿ ಎಂಬ ಪದವನ್ನು ಬೇಕೆಂದೇ ಬಿಟ್ಟಿದ್ದೇನೆ.