ಬೆಚ್ಚಗಾಗಿಸುವಾಗ ಸಕ್ಕರೆ ನೀರು ಯಾಕೆ?

ಅಂಡಾಣು, ಭ್ರೂಣಗಳನ್ನು ಹೆಪ್ಪುಗಟ್ಟಿಸುವ ಪಾಠದ ಒಂದೇ ಒಂದು ಹೆಜ್ಜೆಯಲ್ಲಿ ಮೂರು ದಿನ ಸಿಕ್ಕಿಹಾಕಿಕೊಂಡಿದ್ದೆ. ನಿನ್ನೆ ಅರ್ಥವಾಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಮಾನಸಗಂಗೋತ್ರಿಯಲ್ಲಿ ನನ್ನ ಜೊತೆ ಓದುವ ಇಬ್ಬರಿಗೂ ಇದೇ ಗೊಂದಲ ಇತ್ತು.

ತಾಪಮಾನ

ದ್ರವ ಸಾರಜನಕ ಮೈನಸ್ 196 ಡಿಗ್ರಿ. ಅಲ್ಲಿ ಕೋಶಕ್ಕೆ ಅಪಾಯ ಇಲ್ಲ, ರಾಸಾಯನಿಕ ಕ್ರಿಯೆಗಳೇ ನಿಂತಿರುತ್ತವೆ. ಅಪಾಯ ಇರುವುದು ಹೋಗುವ, ಬರುವ ದಾರಿಯಲ್ಲಿ. ಅಂಡಾಣು ಸುಮಾರು 0.1 ಮಿ.ಮೀ. ದಪ್ಪ, ಒಳಗೆ ನೀರು ಜಾಸ್ತಿ. ಅದು ಮಂಜುಗಡ್ಡೆಯಾದರೆ ಹರಳುಗಳು ಕೋಶವನ್ನು ಹಾಳುಮಾಡುತ್ತವೆ. ಮಂಜುಗಡ್ಡೆ ಆಗುವ ಮುಂಚೆಯೇ ಇನ್ನೊಂದು ತೊಂದರೆ: ಕ್ರೋಮೋಸೋಮ್‌ಗಳನ್ನು ಹಿಡಿದಿಡುವ ಸ್ಪಿಂಡಲ್ ಬರೀ ಚಳಿಗೇ ಬಿಚ್ಚಿಕೊಳ್ಳುತ್ತದೆ. 37 ಡಿಗ್ರಿಗೆ ತಂದ ಮೇಲೆ ಮತ್ತೆ ಕಟ್ಟಿಕೊಳ್ಳಲು ಹೊತ್ತು ಬೇಕು. ಭ್ರೂಣ ಇದಕ್ಕಿಂತ ಗಟ್ಟಿ. ಅದರ ಕೋಶಗಳು ಚಿಕ್ಕವು, ಒಂದೆರಡು ಸತ್ತರೂ ಉಳಿದವು ಬೆಳೆಯಬಲ್ಲವು.

ಕಲ್ಲುಸಕ್ಕರೆ, ಪೆಪ್ಪರಮಿಂಟು

ನಾನು ಮಂಡ್ಯದವಳು, ನನಗೆ ಸಕ್ಕರೆಯ ಉದಾಹರಣೆಯೇ ಹತ್ತಿರ. ಪಾಕವನ್ನು ದಿನಗಟ್ಟಲೆ ಸುಮ್ನೆ ಬಿಟ್ಟರೆ ಹರಳು ಕಟ್ಟಿ ಕಲ್ಲುಸಕ್ಕರೆ ಆಗುತ್ತದೆ. ಗಟ್ಟಿ ಪಾಕವನ್ನು ಬೇಗ ತಣಿಸಿದರೆ ಪೆಪ್ಪರಮಿಂಟಿನ ಹಾಗೆ ಗಾಜಿನಂತೆ ಆಗುತ್ತದೆ, ಹರಳೇ ಇರುವುದಿಲ್ಲ. ವಿಟ್ರಿಫಿಕೇಷನ್ ಅಂದರೆ ಇದೇ. ಎರಡೂ ಬೇಕು: ಪಾಕ ಗಟ್ಟಿ ಇರಬೇಕು, ತಣಿಸುವುದು ಬೇಗ ಆಗಬೇಕು. ಗಟ್ಟಿ ಮಾಡುವ ಕೆಲಸ ಚಳಿಯ ಹಾನಿಯಿಂದ ಕೋಶವನ್ನು ಕಾಪಾಡುವ ರಾಸಾಯನಿಕಗಳಾದ ಕ್ರಯೋಪ್ರೊಟೆಕ್ಟೆಂಟ್‌ಗಳದ್ದು. ಸಾಮಾನ್ಯವಾಗಿ ಬಳಸುವ ದ್ರಾವಣದಲ್ಲಿ ಎಥಿಲೀನ್ ಗ್ಲೈಕಾಲ್ 15%, ಡಿಎಂಎಸ್‌ಒ 15%, ಜೊತೆಗೆ 0.5 ಮೋಲಾರ್ (ಸಾಂದ್ರತೆಯ ಅಳತೆ) ಸುಕ್ರೋಸ್, ಅಂದರೆ ನಮ್ಮ ಸಕ್ಕರೆಯೇ.

ಹಳೆಯ ನಿಧಾನ ವಿಧಾನದಲ್ಲಿ ಮೈನಸ್ 7ರಿಂದ ಮೈನಸ್ 30ಕ್ಕೆ ನಿಮಿಷಕ್ಕೆ 0.3 ಡಿಗ್ರಿಯಂತೆ ಇಳಿಸುತ್ತಾರೆ, ಸುಮಾರು 75 ನಿಮಿಷ. ವಿಟ್ರಿಫಿಕೇಷನ್‌ನಲ್ಲಿ ವೇಗ ನಿಮಿಷಕ್ಕೆ 20,000 ಡಿಗ್ರಿಯಷ್ಟು. ಅಂದರೆ ಮೈನಸ್ 196ಕ್ಕೆ ಇಳಿಯಲು ಒಂದು ಸೆಕೆಂಡೂ ಬೇಡ.

ಇದೇ ದ್ರಾವಣ ವಿಷವೂ ಹೌದು. ಬಿಸಿ ಹೆಚ್ಚಾದಷ್ಟೂ ವಿಷ ಹೆಚ್ಚು. ಅದಕ್ಕೇ ಕೋಣೆಯ ತಾಪದಲ್ಲಿ, ಸುಮಾರು ಒಂದು ನಿಮಿಷದೊಳಗೆ ಮುಗಿಸುತ್ತಾರೆ. ಕೋಣೆಯ ತಾಪ ಅಂದರೆ 25ರಿಂದ 27 ಡಿಗ್ರಿ, ಮೈಸೂರಿನ ಏಪ್ರಿಲ್ ಮಧ್ಯಾಹ್ನ ಅಲ್ಲ.

ನಾನು ಸಿಕ್ಕಿಕೊಂಡ ಜಾಗ

ಹೊರಗೆ ತೆಗೆದ ಅಂಡಾಣುವನ್ನು ಮೊದಲು 37 ಡಿಗ್ರಿಯ 1 ಮೋಲಾರ್ ಸುಕ್ರೋಸ್‌ನಲ್ಲಿ ಒಂದು ನಿಮಿಷ ಇಡುತ್ತಾರೆ. ಆಮೇಲೆ 0.5 ಮೋಲಾರ್‌ನಲ್ಲಿ ಮೂರು ನಿಮಿಷ. ಕೊನೆಗೆ ಸಕ್ಕರೆ ಇಲ್ಲದ ದ್ರಾವಣ. ಚಳಿ ಮುಗಿಯಿತಲ್ಲ, ಈಗ ಸಕ್ಕರೆ ಯಾಕೆ? ಅದೂ ಹೋಗುವಾಗ ಇದ್ದದ್ದರ ಎರಡರಷ್ಟು! ಸಕ್ಕರೆ ಇಲ್ಲಿಯೂ ಚಳಿಯಿಂದ ಕಾಪಾಡುತ್ತದೆ ಅಂದುಕೊಂಡಿದ್ದೇ ನನ್ನ ತಪ್ಪು.

ಅಮ್ಮ ನೆನೆಹಾಕಿದ್ದ ಒಣದ್ರಾಕ್ಷಿ ನೋಡಿ ತಿಳಿಯಿತು. ಅದರೊಳಗೆ ಸಕ್ಕರೆ ಇದೆ, ಹೊರಗೆ ಬರೀ ನೀರು, ಆದ್ದರಿಂದ ನೀರು ಒಳಗೆ ಹೋಗಿ ಉಬ್ಬುತ್ತದೆ. ಹೊರಗೆ ಗಟ್ಟಿ ಪಾಕ ಇದ್ದರೆ ಉಬ್ಬುವುದಿಲ್ಲ. ಅಂಡಾಣುವೂ ಹಾಗೆಯೇ. ಡಿಎಂಎಸ್‌ಒ, ಗ್ಲೈಕಾಲ್ ಅದರ ಒಳಗೆ ಸೇರಿಕೊಂಡಿವೆ. ಅವು ಹೊರಬರುವುದು ನಿಧಾನ, ನೀರು ಒಳನುಗ್ಗುವುದು ಬೇಗ. ಸುಮ್ನೆ ಸಾದಾ ದ್ರಾವಣಕ್ಕೆ ಹಾಕಿದರೆ ಅವು ಹೊರಬರುವ ಮುಂಚೆಯೇ ನೀರು ತುಂಬಿ ಕೋಶ ಒಡೆಯಬಹುದು. ಸುಕ್ರೋಸ್ ಕಣ ದೊಡ್ಡದು, ಒಳಗೆ ಹೋಗುವುದಿಲ್ಲ. ಹೊರಗೇ ನಿಂತು ನೀರನ್ನು ತಡೆಹಿಡಿಯುತ್ತದೆ. ಅಷ್ಟರಲ್ಲಿ ಡಿಎಂಎಸ್‌ಒ ಮೆಲ್ಲಗೆ ಹೊರಬರುತ್ತದೆ. ಆಮೇಲೆ ಸಕ್ಕರೆ ಇಳಿಸಿದಂತೆ ನೀರು ಹದವಾಗಿ ಒಳಗೆ ಬರುತ್ತದೆ. ಹೋಗುವಾಗಲೂ ಸುಕ್ರೋಸ್ ಹೊರಗೇ ನಿಂತಿರುತ್ತದೆ. ಆಗ ಅದು ಒಳಗಿನ ನೀರನ್ನು ಹೊರಗೆಳೆಯುತ್ತದೆ.

ಹಾಗಾದರೆ 37 ಡಿಗ್ರಿ ಯಾಕೆ? ಬೆಚ್ಚಗಾಗುವುದು ನಿಧಾನವಾದರೆ, ಗಾಜಿನೊಳಗೆ ಅಡಗಿದ್ದ ಸಣ್ಣ ಹರಳುಗಳು ಮೇಲೇರುವ ದಾರಿಯಲ್ಲೇ ಬೆಳೆಯುತ್ತವೆ. ಇಲಿಯ ಅಂಡಾಣುಗಳಲ್ಲಿ ನೋಡಿದಾಗ, ತಣಿಸುವ ವೇಗಕ್ಕಿಂತ ಬೆಚ್ಚಗಾಗಿಸುವ ವೇಗವೇ ಬದುಕುವುದನ್ನು ಹೆಚ್ಚು ನಿರ್ಧರಿಸಿತು. ಅದಕ್ಕೇ ಸಾರಜನಕದಿಂದ ತೆಗೆದ, ಅಂಡಾಣು ಇಟ್ಟಿರುವ ಪಟ್ಟಿಯ ತುದಿಯನ್ನು ಗಾಳಿಯಲ್ಲಿ ಹಿಡಿದು ನಿಲ್ಲುವ ಹಾಗಿಲ್ಲ, ತಕ್ಷಣ ಬೆಚ್ಚಗಿನ ಸುಕ್ರೋಸ್‌ಗೆ ಅದ್ದಬೇಕು.