ಒಂದೇ ಟ್ರ್ಯಾಕ್‌ನಲ್ಲಿ ಎರಡು ಲೋಟಸ್: ಹೆಸರಿಗೆ ವಾರಸುದಾರ ಯಾರು?

2011ರ ಅಕ್ಟೋಬರ್ 30ರಂದು ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ರೇಸ್ ನಡೆಯಿತು. ಹೊಸದಾಗಿ ಟಿವಿ ಮುಂದೆ ಕೂತವರಿಗೆ ಖಂಡಿತ ತಲೆ ಕೆಟ್ಟಿರಬೇಕು. ಹಸಿರು-ಹಳದಿ ಬಣ್ಣದ ಎರಡು ಕಾರುಗಳ ತಂಡದ ಹೆಸರು ‘ಟೀಮ್ ಲೋಟಸ್’. ಕಪ್ಪು-ಬಂಗಾರದ ಬಣ್ಣದ ಇನ್ನೆರಡು ಕಾರುಗಳ ತಂಡ ‘ಲೋಟಸ್ ರೆನೋ ಜಿಪಿ’. ಇಬ್ಬರಿಗೂ ರೆನೋ ಎಂಜಿನ್ನೇ. ಅಂಕಪಟ್ಟಿ ತೆಗೆದರೆ ಇನ್ನೂ ಮಜಾ. ಅಲ್ಲಿ ‘ಲೋಟಸ್-ರೆನೋ’ ಎಂದಿದ್ದದ್ದು ಹಸಿರು ಕಾರಿನವರು. ಯಾಕೆಂದರೆ ಅವರ ಚಾಸಿ, ಅಂದರೆ ಕಾರಿನ ಒಡಲು, ಲೋಟಸ್; ಎಂಜಿನ್ ರೆನೋ. ‘ಲೋಟಸ್ ರೆನೋ ಜಿಪಿ’ ಎಂದು ಕರೆದುಕೊಳ್ಳುತ್ತಿದ್ದವರು ಅದೇ ಪಟ್ಟಿಯಲ್ಲಿ ಬರೀ ‘ರೆನೋ’!

ಟ್ರೇಡ್‌ಮಾರ್ಕ್ ವಕೀಲನಾದ ನನಗೆ ಆ ವರ್ಷ ರೇಸ್‌ಗಿಂತ ಲಂಡನ್ನಿನ ಹೈಕೋರ್ಟ್ ಜಾಸ್ತಿ ರುಚಿಸಿತ್ತು. ಹೆಸರಿನ ವ್ಯಾಜ್ಯ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಕೇಸನ್ನೇ.

ಕಥೆ ಶುರುವಾಗುವುದು ಕಾಲಿನ್ ಚಾಪ್ಮನ್ ಎಂಬ ಇಂಗ್ಲಿಷ್ ಎಂಜಿನಿಯರ್‌ನಿಂದ. 1952ರಲ್ಲಿ ಆತ ಲೋಟಸ್ ಎಂಬ ಕಾರು ಕಂಪನಿ ಶುರುಮಾಡಿದ. 1954ರಲ್ಲಿ ರೇಸಿಂಗ್‌ಗೆಂದೇ ಟೀಮ್ ಲೋಟಸ್ ಎಂಬ ಬೇರೆ ಸಂಸ್ಥೆ ಕಟ್ಟಿದ. ಈ ತಂಡ ಫಾರ್ಮುಲಾ ಒನ್‌ಗೆ ಇಳಿದದ್ದು 1958ರ ಮೊನಾಕೊದಲ್ಲಿ. ಮುಂದಿನ ಇಪ್ಪತ್ತು ವರ್ಷ ಅದು ಮಾಡಿದ್ದು ಸಣ್ಣ ಸಾಧನೆಯಲ್ಲ. 1963ರಿಂದ 1978ರ ನಡುವೆ ಏಳು ಕನ್‌ಸ್ಟ್ರಕ್ಟರ್ ಪ್ರಶಸ್ತಿ (ಚಾಲಕನಿಗಲ್ಲ, ಕಾರು ಕಟ್ಟಿದವರಿಗೆ ಸಿಗುವ ಪ್ರಶಸ್ತಿ) ಗೆದ್ದಿತು. ಜಿಮ್ ಕ್ಲಾರ್ಕ್, ಗ್ರಹಾಂ ಹಿಲ್, ಯೋಖೆನ್ ರಿಂಟ್, ಎಮರ್ಸನ್ ಫಿಟ್ಟಿಪಾಲ್ಡಿ, ಮಾರಿಯೊ ಆಂಡ್ರೆಟ್ಟಿ, ಎಲ್ಲರೂ ಲೋಟಸ್ ಕಾರಿನಲ್ಲೇ ವಿಶ್ವ ಚಾಂಪಿಯನ್ ಆದವರು.

1968ರಲ್ಲಿ ಕಾರು ಕಂಪನಿಯ ಷೇರುಗಳು ಮಾರುಕಟ್ಟೆಗೆ ಬಂದವು. ರೇಸಿಂಗ್ ತಂಡ ಮಾತ್ರ ಚಾಪ್ಮನ್ ಮನೆಯವರ ಕೈಯಲ್ಲೇ ಉಳಿಯಿತು. ಇದು ಬುದ್ಧಿವಂತರ ಲೆಕ್ಕ. ರೇಸಿಂಗ್‌ನಲ್ಲಿ ದುಡ್ಡು ನೀರಿನಂತೆ ಹೋಗುತ್ತದೆ, ಅಪಘಾತಗಳೂ ಇರುತ್ತವೆ. ಅದರ ಬಿಸಿ ಕಾರು ಮಾರುವ ಕಂಪನಿಗೆ ತಟ್ಟಬಾರದು ಅಲ್ವಾ? ಆದರೆ ಎರಡಕ್ಕೂ ಯಜಮಾನ ಒಬ್ಬನೇ, ಹೆಸರೂ ಒಂದೇ. ಹೊರಗಿನವರ ಕಣ್ಣಿಗೆ ಎಲ್ಲವೂ ‘ಲೋಟಸ್’. ಆತ ಇರುವಷ್ಟು ದಿನ ಯಾರದ್ದು ಯಾವುದು ಎಂದು ಕೇಳುವ ಅಗತ್ಯವೇ ಬೀಳಲಿಲ್ಲ.

ಬೆಂಗಳೂರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್ ಹೋಟೆಲ್ ಬೇರೆ, ಅಂಗಡಿಯಲ್ಲಿ ಪ್ಯಾಕೆಟ್‌ನಲ್ಲಿ ಸಿಗುವ ಎಂಟಿಆರ್ ರವೆ ಇಡ್ಲಿ ಮಿಕ್ಸ್ ಬೇರೆ. 2007ರಲ್ಲಿ ಪ್ಯಾಕೆಟ್ ವ್ಯವಹಾರ ನಾರ್ವೆಯ ಓರ್ಕ್ಲಾ ಕಂಪನಿಗೆ ಮಾರಾಟವಾಯಿತು. ಹೋಟೆಲ್ ಮಯ್ಯ ಕುಟುಂಬದಲ್ಲೇ ಉಳಿಯಿತು. ಗ್ರಾಹಕರ ತಲೆಯಲ್ಲಿ ಮಾತ್ರ ಇಂದಿಗೂ ಎರಡೂ ಒಂದೇ. ಹೀಗೆ ಒಂದು ಹೆಸರು ಇಬ್ಬರ ನಡುವೆ ಹಂಚಿಹೋದಾಗ ಗೆರೆ ಎಲ್ಲಿ ಎಂಬುದನ್ನು ಅಂದೇ ಬರೆದಿಡಬೇಕು. ಬರೆದಿಡದಿದ್ದರೆ ಮೂವತ್ತು ವರ್ಷದ ಮೇಲೆ ಯಾವುದೋ ನ್ಯಾಯಾಧೀಶರು ಆ ಗೆರೆ ಎಳೆಯುತ್ತಾರೆ, ಅದೂ ಎರಡೂ ಕಡೆಯವರ ಖರ್ಚಿನಲ್ಲಿ.

ಚಾಪ್ಮನ್ 1982ರ ಡಿಸೆಂಬರ್‌ನಲ್ಲಿ 54ನೇ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಹೋದ. ಅಲ್ಲಿಂದ ದಾರಿ ಎರಡಾಯಿತು. ಕಾರು ಕಂಪನಿ 1986ರಲ್ಲಿ ಜನರಲ್ ಮೋಟಾರ್ಸ್ ಕೈಗೆ ಹೋಯಿತು, 1993ರಲ್ಲಿ ಬುಗಾಟಿಯ ರೊಮಾನೊ ಆರ್ತಿಯೋಲಿಗೆ, 1996ರಲ್ಲಿ ಮಲೇಷ್ಯಾದ ಪ್ರೋಟಾನ್‌ಗೆ. ಇದೇ ಗ್ರೂಪ್ ಲೋಟಸ್. ಇತ್ತ ರೇಸಿಂಗ್ ತಂಡ ಸಾಲದಲ್ಲಿ ಮುಳುಗಿತು. ಅದರ ಕೊನೆಯ ರೇಸ್ 1994ರ ನವೆಂಬರ್‌ನಲ್ಲಿ ಅಡಿಲೇಡ್‌ನಲ್ಲಿ. ತಂಡದ ಹೆಸರನ್ನು ಡೇವಿಡ್ ಹಂಟ್ ಕೊಂಡುಕೊಂಡ. 1976ರ ವಿಶ್ವ ಚಾಂಪಿಯನ್ ಜೇಮ್ಸ್ ಹಂಟ್‌ನ ತಮ್ಮ ಈತ. ಕಾರಿಲ್ಲ, ಕಾರ್ಖಾನೆಯಿಲ್ಲ. ಹೆಸರು ಮಾತ್ರ ಹದಿನೈದು ವರ್ಷ ಅವನ ಹತ್ತಿರ ಇತ್ತು.

ಈ ನಡುವಿನ ಒಂದು ಕಾಗದ ಮುಂದೆ ದೊಡ್ಡ ಪಾತ್ರ ವಹಿಸಿತು. ಚಾಪ್ಮನ್ ತೀರಿಕೊಂಡ ಮೇಲೆ, 1985ರಲ್ಲಿ, ಕಾರು ಕಂಪನಿ ಮತ್ತು ರೇಸಿಂಗ್ ತಂಡ ಹೆಸರಿನ ಬಗ್ಗೆ ಒಂದು ಒಪ್ಪಂದ ಮಾಡಿಕೊಂಡಿದ್ದವು. ಟೀಮ್ ಲೋಟಸ್ ಎಂಬ ಹೆಸರು ರೇಸಿಂಗ್ ತಂಡದ್ದು ಎಂಬುದು ಅದರ ತಿರುಳು. ಆಗ ಸಹಿ ಹಾಕಿದವರಿಗೆ ಇದು ರೂಢಿಯ ಕಾಗದ ಅನ್ನಿಸಿರಬಹುದು. ನನ್ನ ವೃತ್ತಿಯಲ್ಲಿ ಕೇಸು ತಿರುಗುವುದು ಬಹುಪಾಲು ಇಂಥ ಕಾಗದಗಳ ಮೇಲೆಯೇ. ಯಾವುದೋ ಟ್ರಂಕಿನಲ್ಲಿ, ವಿಮೆಯ ರಸೀದಿಗಳ ಕೆಳಗೆ ಇರುತ್ತವೆ.

ಈಗ 2009ಕ್ಕೆ ಬನ್ನಿ. ಏರ್‌ಏಷ್ಯಾದ ಟೋನಿ ಫರ್ನಾಂಡಿಸ್ ಮಲೇಷ್ಯಾದಿಂದ ಒಂದು ಫಾರ್ಮುಲಾ ಒನ್ ತಂಡ ಕಟ್ಟಲು ಹೊರಟರು. (2014ರಲ್ಲಿ ಬೆಂಗಳೂರನ್ನು ನೆಲೆ ಮಾಡಿಕೊಂಡು ಏರ್‌ಏಷ್ಯಾ ಇಂಡಿಯಾ ಹಾರಾಟ ಶುರುಮಾಡಿತಲ್ಲ, ಅದರ ಹಿಂದಿದ್ದವರೂ ಇವರೇ.) ಅವರ ಕಂಪನಿಯ ಹೆಸರು 1ಮಲೇಷ್ಯಾ ರೇಸಿಂಗ್ ಟೀಮ್. ಲೋಟಸ್ ಹೆಸರು ಬಳಸಲು ಅವರು ಗ್ರೂಪ್ ಲೋಟಸ್‌ನಿಂದ ಲೈಸೆನ್ಸ್ ಪಡೆದರು. ಹೀಗೆ 2010ರಲ್ಲಿ ‘ಲೋಟಸ್ ರೇಸಿಂಗ್’ ಟ್ರ್ಯಾಕ್‌ಗೆ ಇಳಿಯಿತು. ಅಂಕ ಒಂದೂ ಬರಲಿಲ್ಲ, ಆದರೂ ಹೊಸ ತಂಡಗಳಲ್ಲಿ ಮುಂದಿತ್ತು, ಪಟ್ಟಿಯಲ್ಲಿ ಹತ್ತನೇ ಸ್ಥಾನ.

ಲೈಸೆನ್ಸ್ ಅಂದರೆ ಬಾಡಿಗೆ ಕರಾರು. ಮಾಲೀಕ ಹಾಕಿದ ಷರತ್ತು ಮುರಿದರೆ ಖಾಲಿ ಮಾಡಬೇಕು. ತಂಡದ ಹೆಸರಿನಲ್ಲಿ ಮಾರುವ ಟೋಪಿ, ಅಂಗಿಯಂಥ ಸರಕಿನ ವಿನ್ಯಾಸಕ್ಕೆ ಮೊದಲೇ ಒಪ್ಪಿಗೆ ಪಡೆಯಬೇಕು ಎಂಬ ಷರತ್ತು ಇಲ್ಲಿತ್ತು. ಅದನ್ನು ಸರಿಯಾಗಿ ಪಾಲಿಸಲಿಲ್ಲ ಎಂದು ಗ್ರೂಪ್ ಲೋಟಸ್ ಲೈಸೆನ್ಸ್ ರದ್ದು ಮಾಡಿತು. ಓದುವವರಿಗೆ ಇದು ಕ್ಷುಲ್ಲಕ ಅನ್ನಿಸಬಹುದು. ಕೋಟಿಗಟ್ಟಲೆ ಸುರಿದು ಕಟ್ಟಿದ ತಂಡ, ಬಿದ್ದದ್ದು ಟೋಪಿ-ಅಂಗಿಯ ಮೇಲೆ! ಆದರೆ ಒಪ್ಪಿಗೆಯ ಷರತ್ತು ಅಲಂಕಾರಕ್ಕೆ ಇರುವುದಲ್ಲ. ತನ್ನ ಹೆಸರಿನಲ್ಲಿ ಏನು ಮಾರಾಟವಾಗುತ್ತಿದೆ ಎಂದು ನೋಡದೆ ಬಿಟ್ಟ ಮಾಲೀಕ ನಾಳೆ ಹೆಸರನ್ನೇ ಕಳೆದುಕೊಳ್ಳಬಹುದು. ಲೈಸೆನ್ಸ್ ಕರಾರು ಓದುವಾಗ ಕಕ್ಷಿದಾರರು ರಾಯಲ್ಟಿ ಎಷ್ಟು ಎಂದು ನೋಡುತ್ತಾರೆ, ಒಪ್ಪಿಗೆಯ ಪುಟ ಬಂದರೆ ‘ಅದೆಲ್ಲ ಇದ್ದದ್ದೇ ಬಿಡಿ ಸಾರ್’ ಎಂದು ಹಾಳೆ ತಿರುಗಿಸುತ್ತಾರೆ. ಸಂಬಂಧ ಕೆಟ್ಟ ದಿನ ಎದುರು ಪಕ್ಷದ ವಕೀಲ ಮೊದಲು ಹುಡುಕುವುದೇ ಆ ಪುಟವನ್ನು.

ಫರ್ನಾಂಡಿಸ್ ಸುಮ್ನೆ ಕೂರಲಿಲ್ಲ. 2010ರ ಸೆಪ್ಟೆಂಬರ್‌ನಲ್ಲಿ ಡೇವಿಡ್ ಹಂಟ್ ಹತ್ತಿರ ಇದ್ದ ಟೀಮ್ ಲೋಟಸ್ ಹೆಸರನ್ನೇ ಕೊಂಡರು. ಅಂದರೆ, ಬಾಡಿಗೆ ಮನೆಯಿಂದ ಹೊರಹಾಕಿದ ಕೂಡಲೇ ಪಕ್ಕದ ಸೈಟಿನ ಖಾತೆ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಗ್ರೂಪ್ ಲೋಟಸ್ ಕೂಡ ಹಟಕ್ಕೆ ಬಿತ್ತು. ಡ್ಯಾನಿ ಬಹಾರ್ ಆಗ ಅದರ ಮುಖ್ಯಸ್ಥ. ಡಿಸೆಂಬರ್‌ನಲ್ಲಿ ರೆನೋ ತಂಡಕ್ಕೆ ಪ್ರಾಯೋಜಕನಾಗಿ ಲೋಟಸ್ ಹೆಸರನ್ನು ಅಲ್ಲಿ ಅಂಟಿಸಿತು.

ಹಸಿರಿನವರ ಎದುರು ಕಪ್ಪು-ಬಂಗಾರದ ಬಣ್ಣ ಬಂದದ್ದು ಹೀಗೆ. ಹಳೆಯ ಅಭಿಮಾನಿಗಳಿಗೆ ಈ ಬಣ್ಣ ಅಂದರೆ ಲೋಟಸ್. ನಿಜ ಹೇಳಬೇಕೆಂದರೆ ಅದು 1970ರ ದಶಕದಲ್ಲಿ ತಂಡಕ್ಕೆ ದುಡ್ಡು ಕೊಟ್ಟ ಜಾನ್ ಪ್ಲೇಯರ್ ಸ್ಪೆಷಲ್ ಸಿಗರೇಟು ಪ್ಯಾಕಿನ ಬಣ್ಣ. ಹೆಸರಿನ ಪಾವಿತ್ರ್ಯದ ಬಗ್ಗೆ ಕೋರ್ಟಿನಲ್ಲಿ ವಾದಿಸುತ್ತಿದ್ದವರು ಸಿಗರೇಟಿನ ಬಣ್ಣ ಬಳಿದುಕೊಂಡು ಓಡುತ್ತಿದ್ದರು.

ಚಾಪ್ಮನ್ ಕುಟುಂಬವನ್ನೂ ಎರಡೂ ಕಡೆಯವರು ಎಳೆದಾಡಿದರು. ಮೊದಲ ವರ್ಷ ಮನೆಯವರು ಫರ್ನಾಂಡಿಸ್ ಜೊತೆ ನಿಂತಿದ್ದರು. ಆಮೇಲೆ ಟೀಮ್ ಲೋಟಸ್ ಹೆಸರು ಮತ್ತೆ ಬಳಕೆಯಾಗದಿರಲಿ ಎಂದು ಗ್ರೂಪ್ ಲೋಟಸ್ ಕಡೆ ವಾಲಿದರು. ಅವರ ಭಾವನೆ ಅರ್ಥವಾಗುತ್ತದೆ. ಆದರೆ ಕಾನೂನಿನಲ್ಲಿ ಅದಕ್ಕೆ ತೂಕವಿಲ್ಲ. ಒಮ್ಮೆ ಕೈಬಿಟ್ಟು ಹೋದ ಹೆಸರು ಮೂಲಪುರುಷನ ಮನೆಯವರು ಬೇಡ ಎಂದ ಮಾತ್ರಕ್ಕೆ ನಿಲ್ಲುವುದಿಲ್ಲ.

ವಿಚಾರಣೆ ನಡೆದದ್ದು 2011ರ ಮಾರ್ಚ್‌ನಲ್ಲಿ, ನ್ಯಾಯಮೂರ್ತಿ ಪೀಟರ್ ಸ್ಮಿತ್ ಎದುರು. ತೀರ್ಪು ಬಂದದ್ದು ಮೇ 27ಕ್ಕೆ, ಸರಿಯಾಗಿ ಮೊನಾಕೊ ರೇಸ್‌ನ ವಾರಾಂತ್ಯಕ್ಕೆ. ಇಂಥ ಕೇಸಿನಲ್ಲಿ ನಿಜವಾಗಿ ಜಗಳ ಇರುವುದು ಗುಡ್‌ವಿಲ್ ಮೇಲೆ. ಹೆಸರು ಕೇಳಿದರೆ ಜನ ನಂಬಿ ಬರುತ್ತಾರಲ್ಲ, ಆ ಸೆಳೆತವೇ ಗುಡ್‌ವಿಲ್. ಅದು ಒಬ್ಬರದ್ದಾಗಿದ್ದು, ಇನ್ನೊಬ್ಬರು ಅದೇ ಹೆಸರಿಟ್ಟು ಜನರನ್ನು ತಮ್ಮ ಕಡೆ ತಿರುಗಿಸಿದರೆ ಅದಕ್ಕೆ ಪಾಸಿಂಗ್ ಆಫ್ ಎನ್ನುತ್ತೇವೆ. ಹಾಗಾದರೆ 1994ರಲ್ಲಿ ನಿಂತುಹೋದ ತಂಡಕ್ಕೆ 2010ರಲ್ಲಿ ಗುಡ್‌ವಿಲ್ ಉಳಿದಿರುತ್ತದೆಯೇ? ಇಂಗ್ಲಿಷ್ ಕಾನೂನು ಈ ವಿಷಯದಲ್ಲಿ ಸ್ವಲ್ಪ ಉದಾರ. ಆಡ್-ಲಿಬ್ ಎಂಬ ಲಂಡನ್ ನೈಟ್‌ಕ್ಲಬ್ ಮುಚ್ಚಿ ವರ್ಷಗಳಾಗಿದ್ದವು. ಬೇರೊಬ್ಬರು ಅದೇ ಹೆಸರಲ್ಲಿ ಕ್ಲಬ್ ತೆರೆಯಲು ಹೋದಾಗ, 1970ರ ಹೊತ್ತಿನಲ್ಲೇ ಕೋರ್ಟ್ ತಡೆದಿತ್ತು. ಬಾಗಿಲು ಮುಚ್ಚಿದರೂ ಜನರ ನೆನಪಲ್ಲಿ ಇರುವಷ್ಟು ದಿನ ಹೆಸರಿಗೆ ಬೆಲೆಯಿದೆ ಎಂಬುದು ಅಲ್ಲಿಯ ತರ್ಕ. ಏಳು ಪ್ರಶಸ್ತಿ ಗೆದ್ದ ತಂಡವನ್ನು ಹದಿನಾರು ವರ್ಷದಲ್ಲಿ ಯಾರು ಮರೆಯುತ್ತಾರೆ?

ಫಲಿತಾಂಶ ವಿಚಿತ್ರವಾಗಿತ್ತು. ಫಾರ್ಮುಲಾ ಒನ್‌ನಲ್ಲಿ ‘ಟೀಮ್ ಲೋಟಸ್’ ಎಂಬ ಹೆಸರನ್ನೂ ಹಳೆಯ ದುಂಡು ಲಾಂಛನವನ್ನೂ ಬಳಸುವ ಹಕ್ಕು ಫರ್ನಾಂಡಿಸ್‌ಗೆ. ಬರೀ ‘ಲೋಟಸ್’ ಎಂದು ಹಾಕಿಕೊಂಡು ಕಪ್ಪು-ಬಂಗಾರದ ಕಾರು ಓಡಿಸುವ ಹಕ್ಕು ಗ್ರೂಪ್ ಲೋಟಸ್‌ಗೆ. ಹಳೆಯ ಲೈಸೆನ್ಸ್ ಮುರಿದದ್ದಕ್ಕೆ ಫರ್ನಾಂಡಿಸ್ ಕಂಪನಿ ಪರಿಹಾರ ಕೊಡಬೇಕು. ಅದೇ ದಿನ ಎರಡೂ ಕಡೆಯವರು ಗೆದ್ದೆವು ಎಂದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ.

ತೀರ್ಪು ಗೊಂದಲ ಬಗೆಹರಿಸಲಿಲ್ಲ ಎಂದು ಆಗ ಹಲವರು ಗೊಣಗಿದರು. ನನಗೆ ಹಾಗನ್ನಿಸುವುದಿಲ್ಲ. ಗೊಂದಲ ಹುಟ್ಟಿಸಿದವರು ಸಂಸ್ಥಾಪಕರೇ. ಅವರು ಎರಡು ಸಂಸ್ಥೆ ಮಾಡಿ ಹೆಸರನ್ನು ಹಂಚಿದ್ದರು, ನ್ಯಾಯಾಧೀಶರು ಆ ಹಂಚಿಕೆಯನ್ನು ಇದ್ದ ಹಾಗೆ ಓದಿದರು. ಪ್ರೇಕ್ಷಕರಿಗೆ ಅನುಕೂಲವಾಗಲಿ ಎಂದು ಒಬ್ಬರ ಸ್ವತ್ತನ್ನು ಇನ್ನೊಬ್ಬರಿಗೆ ಬರೆದುಕೊಡಲು ಕೋರ್ಟಿಗೆ ಆಗುವುದಿಲ್ಲ.

ನಿಜವಾದ ಇತ್ಯರ್ಥ ಆದದ್ದು ಕೋರ್ಟಿನ ಹೊರಗೆ, ದುಡ್ಡಿನ ಲೆಕ್ಕದಲ್ಲಿ. ತೀರ್ಪಿಗೆ ಒಂದು ತಿಂಗಳು ಮೊದಲೇ, ಏಪ್ರಿಲ್‌ನಲ್ಲಿ, ಫರ್ನಾಂಡಿಸ್ ಕೇಟರ್‌ಹ್ಯಾಮ್ ಎಂಬ ಸಣ್ಣ ಕಾರು ಕಂಪನಿ ಕೊಂಡಿದ್ದರು. ಚಾಪ್ಮನ್ ವಿನ್ಯಾಸದ ಲೋಟಸ್ ಸೆವೆನ್ ಕಾರಿನ ಹಕ್ಕು 1973ರಲ್ಲೇ ಕೇಟರ್‌ಹ್ಯಾಮ್ ಕೈಗೆ ಬಂದಿತ್ತು. ಆ ಹೊತ್ತಿಗೇ ಅವರು ಹಿಂಬಾಗಿಲು ನೋಡಿಟ್ಟುಕೊಂಡಿದ್ದರು ಎಂದು ನನ್ನ ಊಹೆ. ಆದರೆ ಹೆಸರು ಸುಲಭವಾಗಿ ಬದಲಿಸುವ ಹಾಗಿರಲಿಲ್ಲ. ಆಗಿನ ನಿಯಮದಲ್ಲಿ ಬಹುಮಾನದ ಹಣ ತಂಡದ ಹಿಂದಿನ ವರ್ಷಗಳ ಸ್ಥಾನಕ್ಕೆ ಕಟ್ಟಿಕೊಂಡಿತ್ತು. ಒಪ್ಪಿಗೆಯಿಲ್ಲದೆ ಹೆಸರು ಬದಲಿಸಿದರೆ ಆ ಹಣ ಕೈತಪ್ಪುವ ಭಯ. ಗೆಲ್ಲದ ತಂಡಕ್ಕೆ ಹತ್ತನೇ ಸ್ಥಾನವೇ ಅನ್ನ.

ನವೆಂಬರ್ ಆರಂಭದಲ್ಲಿ ಫಾರ್ಮುಲಾ ಒನ್ ಕಮಿಷನ್ ಹೆಸರು ಬದಲಾವಣೆಗೆ ಒಪ್ಪಿತು. ಕೆಲವೇ ದಿನಗಳಲ್ಲಿ ರಾಜಿಯೂ ಆಯಿತು. ಟೀಮ್ ಲೋಟಸ್ ಹೆಸರೂ ಲಾಂಛನವೂ ಗ್ರೂಪ್ ಲೋಟಸ್‌ಗೆ ಹೋದವು. 2012ರಿಂದ ಹಸಿರು ತಂಡ ಕೇಟರ್‌ಹ್ಯಾಮ್ ಆಯಿತು, ಕಪ್ಪು ತಂಡ ಲೋಟಸ್ ಆಯಿತು. ಇಷ್ಟು ಜಗಳಕ್ಕೆ ಫಲ ಏನು? ಕೇಟರ್‌ಹ್ಯಾಮ್ 2014ರಲ್ಲೇ ದಿವಾಳಿಯಾಗಿ ಹೋಯಿತು. ಕಪ್ಪು ತಂಡಕ್ಕೆ ಗ್ರೂಪ್ ಲೋಟಸ್ ಜೊತೆಗಿದ್ದ ಪ್ರಾಯೋಜನೆ 2012ರ ಏಪ್ರಿಲ್‌ನಲ್ಲೇ ಮುರಿದುಬಿತ್ತು, ಆ ತಂಡ ಹೆಸರನ್ನು ಮಾತ್ರ ಇಟ್ಟುಕೊಂಡಿತು. ಅದೇ ವರ್ಷ ಅಬುಧಾಬಿಯಲ್ಲಿ ಕಿಮಿ ರೈಕೋನೆನ್ ಲೋಟಸ್ ಹೆಸರಿನಲ್ಲಿ ಗೆದ್ದಾಗ ಕಾರಿನ ಮೇಲೆ ಇದ್ದದ್ದು ಕಾರು ಕಂಪನಿಯ ಹೆಸರು, ಅದರ ಪ್ರಾಯೋಜನೆಯ ದುಡ್ಡಲ್ಲ.

ಇಂಥ ಕೇಸು ನಮ್ಮಲ್ಲಿ ಬಂದಿದ್ದರೆ? 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ, ನೋಂದಾಯಿಸಿದ ಹೆಸರನ್ನು ಸತತ ಐದು ವರ್ಷ ಬಳಸದಿದ್ದರೆ ಬೇರೆಯವರು ಅರ್ಜಿ ಹಾಕಿ ರಿಜಿಸ್ಟರ್‌ನಿಂದ ತೆಗೆಸಬಹುದು. ಪಾಸಿಂಗ್ ಆಫ್ ಹಕ್ಕು ಮಾತ್ರ 27ನೇ ಸೆಕ್ಷನ್‌ನಡಿ ಬೇರೆಯಾಗಿ ಉಳಿಯುತ್ತದೆ. ಅದಕ್ಕೆ ರಿಜಿಸ್ಟ್ರೇಷನ್ ಬೇಕಿಲ್ಲ. ಆದರೆ ಹೊರದೇಶದ ಹೆಸರಾದರೆ ಇಲ್ಲಿ ಆ ಹೆಸರಿಗೆ ಮಾನ್ಯತೆ ಇತ್ತೆಂದು ತೋರಿಸಬೇಕು. 2017ರಲ್ಲಿ ಟೊಯೋಟಾ ‘ಪ್ರಿಯಸ್’ ಹೆಸರಿನ ವಿಷಯದಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತದ್ದು ಇದೇ ಕಾರಣಕ್ಕೆ. ಹೊರಗೆ ಎಷ್ಟೇ ಪ್ರಸಿದ್ಧವಾಗಿರಲಿ, 2001ರ ಹೊತ್ತಿಗೆ ಭಾರತದಲ್ಲಿ ಅದಕ್ಕೆ ಸಾಕಷ್ಟು ಹೆಸರಿತ್ತು ಎಂದು ಸಾಬೀತಾಗಲಿಲ್ಲ. ಹಾಗಾಗಿ ಟೀಮ್ ಲೋಟಸ್ ಕೇಸು ಇಲ್ಲಿ ನಡೆದಿದ್ದರೆ, 1994ಕ್ಕೆ ಮೊದಲು ಅದನ್ನು ಬಲ್ಲ ಭಾರತೀಯರು ಎಷ್ಟಿದ್ದರು ಎಂಬುದೇ ಮೊದಲ ಪ್ರಶ್ನೆಯಾಗುತ್ತಿತ್ತು. ಹಂಟ್‌ನಿಂದ ಕೊಂಡವರಿಗೆ ಇಲ್ಲಿ ದಾರಿ ಕಷ್ಟವಿತ್ತು ಅನ್ನಿಸುತ್ತದೆ.

ಬೆಂಗಳೂರಿನ ಮದ್ಯದ ದೊರೆ ವಿಜಯ್ ಮಲ್ಯರ ಫೋರ್ಸ್ ಇಂಡಿಯಾ ತಂಡಕ್ಕೂ ಹೆಸರಿನ ಪೇಚು ಬಂತು, ಆದರೆ ಬೇರೆ ರೀತಿಯಲ್ಲಿ. 2018ರ ಜುಲೈನಲ್ಲಿ ತಂಡ ದಿವಾಳಿ ಪ್ರಕ್ರಿಯೆಗೆ ಹೋಯಿತು. ಲಾರೆನ್ಸ್ ಸ್ಟ್ರೋಲ್ ಮುಂದಾಳತ್ವದ ಗುಂಪು ಅದರ ಆಸ್ತಿಯನ್ನು ಕೊಂಡಿತು. ಕಾರು, ಚಾಲಕರು, ಕೆಲಸಗಾರರು ಎಲ್ಲ ಹಳಬರೇ, ಆದರೆ ಕಾನೂನಿನ ಕಣ್ಣಿಗೆ ತಂಡ ಹೊಸದು. ಅದುವರೆಗೆ ಗಳಿಸಿದ್ದ 59 ಕನ್‌ಸ್ಟ್ರಕ್ಟರ್ ಅಂಕ ಸೊನ್ನೆಯಾಯಿತು. ಹೆಸರು ಮಾತ್ರ ಆ ಸೀಸನ್ ಮುಗಿಯುವವರೆಗೆ ‘ರೇಸಿಂಗ್ ಪಾಯಿಂಟ್ ಫೋರ್ಸ್ ಇಂಡಿಯಾ’ ಎಂದೇ ಇತ್ತು.

ಆ ತಂಡ 2021ರಿಂದ ಆಸ್ಟನ್ ಮಾರ್ಟಿನ್ ಎಂಬ ಹೆಸರಿನಲ್ಲಿ ಓಡುತ್ತಿದೆ. ಕಾರು ತಯಾರಿಸುವ ಆಸ್ಟನ್ ಮಾರ್ಟಿನ್ ಕಂಪನಿ ಬೇರೆ, ರೇಸಿಂಗ್ ತಂಡ ಬೇರೆ, ಸ್ಟ್ರೋಲ್ ಎರಡರಲ್ಲೂ ಇದ್ದಾರೆ. ಆ ಎರಡರ ನಡುವೆ ಹೆಸರಿನ ಬಗ್ಗೆ ಆಗಿರುವ ಕರಾರನ್ನು ಓದಲು ಸಿಕ್ಕರೆ ನಾನು ನೇರವಾಗಿ ಹೋಗುವುದು ಒಪ್ಪಿಗೆಯ ಪುಟಕ್ಕೆ, ಆಮೇಲೆ ರದ್ದತಿಯ ಪುಟಕ್ಕೆ.